ಕೆಂಪು ದೀಪದ ನಾಲ್ಕು ದಿನ

ಹಗರಿಬೊಮ್ಮನಹಳ್ಳಿಯ ಸುತ್ತಮುತ್ತ ಯಾರ ಮನೆಯಲ್ಲಿ ಇಂಟರ್ನೆಟ್ ಕೆಟ್ಟರೂ ಜನ ಆಫೀಸಿಗೆ ಫೋನ್ ಮಾಡುತ್ತಿರಲಿಲ್ಲ, ತಿಪ್ಪೇಶನಿಗೆ ಮಾಡುತ್ತಿದ್ದರು. ಆಫೀಸು ಅಮರೇಶ್ ಅವರದು. ಮೊದಲು ಕೇಬಲ್ ಟಿವಿ ನಡೆಸುತ್ತಿದ್ದವರು, ಈಗ ಮನೆಮನೆಗೆ ಫೈಬರ್ ಎಳೆಸುತ್ತಿದ್ದಾರೆ. ತಿಪ್ಪೇಶ ಕೇಬಲ್ ಕಾಲದಿಂದಲೂ ಅವರ ಬಳಿಯೇ ಇದ್ದವನು. ಕೂಡ್ಲಿಗಿ ಕಡೆಯವನು. ಹತ್ತೊಂಬತ್ತನೇ ವಯಸ್ಸಿಗೆ ಕಂಬ ಹತ್ತಲು ಕಲಿತ. ಮೂವತ್ತೈದು ದಾಟುವ ಹೊತ್ತಿಗೆ ಕೂದಲಿಗಿಂತ ತೆಳ್ಳಗಿನ ಗಾಜಿನ ಎಳೆಗಳನ್ನು ಮಷಿನ್‌ನಲ್ಲಿಟ್ಟು ಜಾಯಿಂಟ್ ಹೊಡೆಯುವುದರಲ್ಲಿ ಅವನನ್ನು ಸರಿಗಟ್ಟುವವರು ಆ ತಾಲ್ಲೂಕಿನಲ್ಲೇ ಇರಲಿಲ್ಲ.

ಅವನದೊಂದು ಪದ್ಧತಿ ಇತ್ತು. ದಿನಕ್ಕೆ ಇಪ್ಪತ್ತು ಮೂವತ್ತು ದೂರು ಬರುತ್ತವೆ. ಯಾವುದನ್ನು ಮೊದಲು ನೋಡಬೇಕು? ಯಾರು ಹೆಚ್ಚು ಸಲ ಫೋನ್ ಮಾಡುತ್ತಾರೋ ಅವರದನ್ನು. "ನಿಜವಾಗ್ಲೂ ತ್ರಾಸ ಇದ್ದೋರು ಸುಮ್ನೆ ಕುಂದ್ರಲ್ಲ, ಬೊಬ್ಬಿ ಹೊಡೀತಾರ" ಎಂದು ಹೆಂಡತಿ ಪ್ರಿಯಾಳಿಗೆ ಹೇಳುತ್ತಿದ್ದ. ಆಕೆ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್. ಒಂದು ಸಲ ಅನ್ನ ಬಡಿಸುತ್ತಾ ಆಕೆ, "ನಮ್ಮಲ್ಲಿ ಉಲ್ಟಾ ರೀ. ಬೊಬ್ಬಿ ಹೊಡಿಯೋರು ಹೆಂಗೋ ಬದುಕ್ತಾರ. ಸುಮ್ನೆ ಬಿದ್ದಿರ್ತಾರಲ್ಲ, ಅವರನ್ನ ಮೊದಲು ನೋಡಬೇಕು" ಎಂದಿದ್ದಳು. ತಿಪ್ಪೇಶ ನಕ್ಕು, ಸಾರು ಸುರುವಿಕೊಂಡಿದ್ದ.

ಕೋಗಳಿಯ ಭೀಮರಾಜನ ಮನೆಗೆ ಅವನು ಫೈಬರ್ ಎಳೆದದ್ದು ಸಂಕ್ರಾಂತಿ ಕಳೆದ ವಾರ. ಭೀಮರಾಜ ಹೊಲಿಗೆಯವನು. ಹುಟ್ಟಿನಿಂದ ಕಿವಿ ಕೇಳದು, ಮಾತು ಬಾರದು. ಮದುವೆಯಾಗಿರಲಿಲ್ಲ; ತಾಯಿ ತೀರಿಕೊಂಡ ಮೇಲೆ ಒಬ್ಬನೇ ಇದ್ದ. ಎರಡು ಕೋಣೆಯ ಮನೆ. ಗೋಡೆಯ ಮೇಲೆ ಬುದ್ಧನದೊಂದು, ಬಾಬಾಸಾಹೇಬರದೊಂದು ಫೋಟೋ. ಬೀದಿ ಕಡೆಯ ಕಿಟಕಿಯ ಪಕ್ಕ ಹೊಲಿಗೆ ಯಂತ್ರ. ಐದಾರು ವರ್ಷ ಶಾಲೆಗೆ ಹೋಗಿದ್ದರಿಂದ ಅಕ್ಷರ ಕೂಡಿಸಿ ಓದಬಲ್ಲ, ಎರಡು ಮೂರು ಪದ ಬರೆಯಬಲ್ಲ. ದಿನವೂ ಗಿರಾಕಿಗಳ ಜೊತೆ ವ್ಯವಹರಿಸಿ, ಕೇಳುವವರಿಗೆ ತಿಳಿಯುವಂತೆ ಕೈ ಮಾಡಿ ತೋರಿಸುವುದರಲ್ಲಿ ಪಳಗಿದ್ದ. ಪಕ್ಕದ ಮನೆಯ ಕೆಂಚಕ್ಕ ಎಂಬ ಮುದುಕಿ ಅವನಿಗಾಗಿ ಫೋನಿನಲ್ಲಿ ಮಾತಾಡುತ್ತಿದ್ದಳು. ಕನೆಕ್ಷನ್ ಬೇಕೆಂದು ಆಫೀಸಿಗೆ ಹೇಳಿದವಳೂ ಅವಳೇ.

"ಇವಂಗ್ಯಾಕ ಬೇ ಇಂಟರ್ನೆಟ್?" ಎಂದು ತಿಪ್ಪೇಶ ಏಣಿ ಇಳಿಸುತ್ತಾ ಕೇಳಿದ.

"ಅಕ್ಕನ ಕೂಡ ಮಾತಾಡಾಕ" ಎಂದಳು ಕೆಂಚಕ್ಕ. "ಕನಕಮ್ಮ ಅಂತ. ಹರಪನಹಳ್ಳಿಗೆ ಕೊಟ್ಟೈತಿ. ಅಕಿಗೂ ಹಿಂಗ, ಕಿವಿ ಇಲ್ಲ, ಬಾಯಿ ಇಲ್ಲ. ಸಣ್ಣೋರಿದ್ದಾಗಿಂದ ಇಬ್ರೂ ಕೈಯಾಗ ಏನೇನೋ ಮಾತಾಡ್ಕೊಂತ ಬೆಳದಾರ. ಅದು ಅವರಿಬ್ರಿಗೇ ತಿಳಿಯೋದು. ಅವರವ್ವಗ ತಿಳೀತಿತ್ತು, ಅಕಿ ಹೋದ್ಲು."

ಕನಕಮ್ಮ ಶಾಲೆಯ ಮುಖ ಕಂಡವಳಲ್ಲ. ಅವಳ ಗಂಡ ಗಂಗಪ್ಪ ಮೆಕ್ಕೆಜೋಳದ ಮಾರುಕಟ್ಟೆಯಲ್ಲಿ ಹಮಾಲಿ. ಒಳ್ಳೆಯವನು, ಆದರೆ ಅವಳ ಕೈಮಾತು ಅವನಿಗೆ ಹತ್ತಿದ್ದು ಊಟ, ನೀರು, ಹೋಗು, ಬಾ ಇಷ್ಟೇ. ಉಳಿದದ್ದೆಲ್ಲ ಅವಳು ದಿನಾ ಸಂಜೆ ತಮ್ಮನಿಗೇ ಹೇಳಬೇಕು. ಕೋಗಳಿಯ ಆ ತಗ್ಗಿನ ಓಣಿಯಲ್ಲಿ ಮೊಬೈಲ್ ಸಿಗ್ನಲ್ ಒಂದೇ ಕಡ್ಡಿ. ಫೋಟೋ ಹೋಗುತ್ತದೆ, ವಿಡಿಯೊ ನಿಲ್ಲುವುದಿಲ್ಲ. ಮಾತಾಡುವ ಕೈಗಳೇ ಮಂಜಾಗಿ ಹೋದರೆ ಮಾತೇನು ಉಳಿಯುತ್ತದೆ?

ತಿಪ್ಪೇಶ ರೂಟರನ್ನು ಒಳಗಿನ ಗೂಡಿನಲ್ಲಿಡಲು ಹೋದ. ಭೀಮರಾಜ ತಲೆಯಾಡಿಸಿ ಬೇಡವೆಂದ. ಕಿಟಕಿಯ ಬೆಳಕನ್ನು ತೋರಿಸಿದ, ತನ್ನ ಎರಡು ಕೈಗಳನ್ನು ಆ ಬೆಳಕಿಗೆ ಹಿಡಿದು ತೋರಿಸಿದ. ಅಲ್ಲಿ ಕೂತರೇ ಅಕ್ಕನಿಗೆ ಕೈ ಚೆನ್ನಾಗಿ ಕಾಣುವುದು. ಹಾಗಾದರೆ ವೈರು ಆ ಗೋಡೆಯಿಂದಲೇ ಒಳಗೆ ಬರಬೇಕು, ಗೋಡೆಗೆ ತೂತು ಹಾಕಬೇಕು. ಡ್ರಿಲ್ ಮಷಿನ್ ಆಫೀಸಿನಲ್ಲಿ ಉಳಿದಿತ್ತು. ತಿಪ್ಪೇಶ ಫೈಬರನ್ನು ಕಿಟಕಿಯ ಮೂಲೆಯಿಂದ ಒಳಗೆ ತಂದು, ಚೌಕಟ್ಟಿಗೆ ಕ್ಲಿಪ್ ಹೊಡೆದ. ಕಿಟಕಿಯ ಬಾಗಿಲು ಪೂರ್ತಿ ಮುಚ್ಚಿದರೆ ವೈರಿನ ಮೇಲೆ ಕೂರುತ್ತದೆಂದು ಗೊತ್ತಿತ್ತು. ಆದರೆ ಆ ಕಿಟಕಿ ಹಗಲೂ ರಾತ್ರಿ ತೆರೆದೇ ಇರುವಂತೆ ಕಂಡಿತು. ಮುಂದಿನ ವಾರ ಬಂದು ತೂತು ಹಾಕಿದರಾಯಿತು ಎಂದುಕೊಂಡ. ಆ ಮುಂದಿನ ವಾರ ಬರಲೇ ಇಲ್ಲ.

ಹೊರಡುವ ಮೊದಲು ದೀಪಗಳ ಪಾಠ ಹೇಳಿಕೊಟ್ಟ. ಹಸಿರಿದ್ದರೆ ಸರಿ. ಕೆಂಪು ಬಂದರೆ ಸ್ವಿಚ್ ಆರಿಸು, ಹತ್ತು ಎಣಿಸು, ಮತ್ತೆ ಹಾಕು. ಆಗಲೂ ಕೆಂಪೇ ಇದ್ದರೆ ಫೋಟೋ ತೆಗೆದು ನನ್ನ ನಂಬರಿಗೆ ಕಳಿಸು. ಇಷ್ಟನ್ನೂ ಕೈಯಲ್ಲೇ ತೋರಿಸಿ, ಕೊನೆಗೆ ಬೈಕಿನ ಹ್ಯಾಂಡಲ್ ತಿರುಗಿಸುವಂತೆ ಮುಷ್ಟಿ ತಿರುಗಿಸಿ, ಕೋಗಳಿಯ ನೆಲ ತೋರಿಸಿದ: ನಾನು ಬರುತ್ತೇನೆ. ಭೀಮರಾಜನಿಗೆ ಅದೆಷ್ಟು ಖುಷಿಯಾಯಿತೆಂದರೆ ಅದೇ ಮುಷ್ಟಿಯನ್ನು ತಾನೂ ತಿರುಗಿಸಿ ನಕ್ಕ. ಅಲ್ಲಿಯೇ ಅಕ್ಕನಿಗೆ ಮೊದಲ ಕರೆ ಹೋಯಿತು. ತಿಪ್ಪೇಶ ಬಾಗಿಲಲ್ಲಿ ನಿಂತು ನೋಡಿದ. ಪರದೆಯ ಮೇಲೆ ನಡುವಯಸ್ಸಿನ ಹೆಂಗಸು, ಬಳೆ ತುಂಬಿದ ಕೈಗಳು. ಎಷ್ಟು ವೇಗವಾಗಿ ಆಡುತ್ತಿದ್ದವೆಂದರೆ ಬಳೆಗಳ ಸದ್ದೇ ಒಂದು ಹರಟೆಯಂತೆ ಫೋನಿನಿಂದ ಕೇಳುತ್ತಿತ್ತು. ಆ ಸದ್ದು ಆ ಇಬ್ಬರಿಗೂ ಕೇಳದು.

ಹತ್ತು ತಿಂಗಳು ಏನೂ ತೊಂದರೆಯಾಗಲಿಲ್ಲ.

ನವೆಂಬರಿನಲ್ಲಿ ಮೆಕ್ಕೆಜೋಳದ ಒಕ್ಕಣೆ ಶುರುವಾಯಿತು. ಓಣಿಯ ತುದಿಯ ಬಯಲಿನಲ್ಲಿ ಮಷಿನ್ ನಿಂತು ಹಗಲೆಲ್ಲ ಹೊಟ್ಟು ಹಾರಿಸತೊಡಗಿತು. ಹೊಲಿಯಲು ಬಂದ ಬಟ್ಟೆಗಳ ಮೇಲೆ ಧೂಳು ಕೂರುತ್ತದೆಂದು ಭೀಮರಾಜ ಸೋಮವಾರ ಬೆಳಿಗ್ಗೆ ಕಿಟಕಿಯ ಬಾಗಿಲನ್ನು ಎಳೆದು ಗಟ್ಟಿಯಾಗಿ ಚಿಲಕ ಹಾಕಿದ. ಸ್ವಲ್ಪ ಹೊತ್ತಿಗೆ ರೂಟರಿನಲ್ಲಿ ಕೆಂಪು ದೀಪ ಬಂತು. ಎರಡರ ಸಂಬಂಧ ಅವನಿಗೆ ಹೊಳೆಯಲಿಲ್ಲ. ಹೊಳೆಯುವಂತೆ ಯಾರೂ ಹೇಳಿರಲೂ ಇಲ್ಲ. ಕಲಿಸಿದಂತೆಯೇ ಮಾಡಿದ. ಆರಿಸಿದ, ಹತ್ತು ಎಣಿಸಿದ, ಹಾಕಿದ. ಕೆಂಪು. ಫೋಟೋ ತೆಗೆದು ಕಳಿಸಿದ. ಕೆಳಗೆ ಬರೆದ: "ಕೆಂಪು. ಬಾ."

ಸಂಜೆ ಕೆಂಚಕ್ಕ ಫೋನ್ ಮಾಡಿದಳು. ಅಂದು ಕೊಟ್ಟೂರು ರಸ್ತೆಯಲ್ಲಿ ಮೇವು ಹೇರಿದ ಟ್ರ್ಯಾಕ್ಟರೊಂದು ದೊಡ್ಡ ಕೇಬಲನ್ನೇ ಹರಿದುಕೊಂಡು ಹೋಗಿತ್ತು. ಇನ್ನೂರು ಮನೆ, ಒಂದು ಬ್ಯಾಂಕು, ಎರಡು ಶಾಲೆ ಬಂದ್. ತಿಪ್ಪೇಶ ಏಣಿಯ ಮೇಲಿದ್ದ.

"ತಮ್ಮಾ, ಭೀಮರಾಜನ ಮನ್ಯಾಗ ಕೆಂಪು ದೀಪ ಐತಂತ."

"ಆಫ್ ಮಾಡಿ ಆನ್ ಮಾಡಾಕ ಹೇಳಬೇ."

"ಮಾಡ್ಯಾನಪ್ಪ, ನಾಕು ಸಲ ಮಾಡ್ಯಾನ."

"ಇನ್ನೊಂದ್ಸಲ ಮಾಡ್ಲಿ. ಬರ್ತೀನಿ, ಇಡು."

ಮಂಗಳವಾರ ಇನ್ನೊಂದು ಫೋಟೋ ಬಂತು, ಮಧ್ಯಾಹ್ನ ಮತ್ತೊಂದು. ತಿಪ್ಪೇಶ ನೋಡಿದ. ನೋಡಿದ್ದೇನೆ ಎನ್ನುವುದಕ್ಕೆ ಹೆಬ್ಬೆರಳಿನ ಚಿತ್ರವೊಂದನ್ನು ಒತ್ತಿ ಜೇಬಿಗಿಟ್ಟ. ದಿನಕ್ಕೆ ಐವತ್ತು ಜನಕ್ಕೆ ಹಾಗೆ ಒತ್ತುತ್ತಿದ್ದ. ಆದರೆ ಭೀಮರಾಜನ ಪಾಲಿಗೆ ಅದೊಂದು ಕೈಮಾತು, ಮಾತು ಕೊಟ್ಟ ಹಾಗೆ. ಕೆಂಚಕ್ಕನಿಗೆ ಅದನ್ನು ತೋರಿಸಿ, ಬೈಕಿನ ಮುಷ್ಟಿ ತಿರುಗಿಸಿ, ಬರುತ್ತಾನಂತೆ ಎಂದ. ಅದಕ್ಕೇ ಕೆಂಚಕ್ಕ ಮತ್ತೆ ಫೋನ್ ಮಾಡಲಿಲ್ಲ. ಅವನು ಅಂದು ಸಂಜೆಯವರೆಗೂ, ಬುಧವಾರವೂ, ತಲೆಬಾಗಿಲು ತೆರೆದಿಟ್ಟುಕೊಂಡು ಹೊಲಿಯುತ್ತಾ ಕೂತ. ಬುಧವಾರ ಎರಡು ಫೋಟೋ ಬಂದವು. ತಿಪ್ಪೇಶನ ಫೋನು ಆ ದಿನ ಒಂದೇ ಸಮ ರಿಂಗಾಗುತ್ತಿತ್ತು. ರಿಂಗಾಗದೆ ಬಂದದ್ದನ್ನು ಅವನು ತೆರೆದೂ ನೋಡಲಿಲ್ಲ.

ಗುರುವಾರ ಮಧ್ಯಾಹ್ನ ಕೋಗಳಿಯಲ್ಲಿ ಬೇರೊಂದು ಕೆಲಸವಿದ್ದುದರಿಂದ, ಬಂದ ದಾರಿಯಲ್ಲಿ ಇದನ್ನೂ ಮುಗಿಸಿಬಿಡೋಣವೆಂದು ಭೀಮರಾಜನ ಮನೆ ಹೊಕ್ಕ. ಹುಡುಕಬೇಕಾದದ್ದೇನೂ ಇರಲಿಲ್ಲ. ಮುಚ್ಚಿದ ಕಿಟಕಿ ಕಂಡದ್ದೇ ತಿಳಿಯಿತು. ಚಿಲಕ ತೆಗೆದ, ಬಾಗಿಲಿನ ಅಂಚಿಗೆ ಸಿಕ್ಕು ಗಾಜಿನೆಳೆ ಮುರಿದಿತ್ತು. ಮುರಿದ ತುದಿ ಕತ್ತರಿಸಿ, ಜಾಯಿಂಟ್ ಹೊಡೆದು, ಈ ಸಲ ಡ್ರಿಲ್ಲಿನಲ್ಲಿ ಗೋಡೆಗೆ ತೂತು ಹಾಕಿ ವೈರನ್ನು ಒಳಗೆ ತಂದ. ಎಲ್ಲ ಸೇರಿ ಅರ್ಧ ಗಂಟೆ. ದೀಪ ಹಸಿರಾಯಿತು.

ಭೀಮರಾಜ ಅವನ ಭುಜ ತಟ್ಟಿ, ಆಗಲೇ ಫೋನ್ ಎತ್ತಿಕೊಂಡು ಅಕ್ಕನಿಗೆ ಕರೆ ಹಚ್ಚಿದ. ಬಹಳ ಹೊತ್ತಿನ ಮೇಲೆ ಎತ್ತಿದವನು ಗಂಗಪ್ಪ. ಮುಖ ಬಿಳಚಿಕೊಂಡಿತ್ತು. ಹಿಂದೆ ಆಸ್ಪತ್ರೆಯ ಹಸಿರು ಪರದೆ. ಅವನು ಫೋನನ್ನು ತಿರುಗಿಸಿದ. ಮಂಚದ ಮೇಲೆ ಕನಕಮ್ಮ ಮಲಗಿದ್ದಳು. ಬಲಗೈಯನ್ನು ಯಾರೋ ಬಟ್ಟೆ ಮಡಿಸಿಟ್ಟಂತೆ ಪಕ್ಕಕ್ಕಿಟ್ಟಿದ್ದರು. ಬಾಯಿ ಒಂದು ಕಡೆ ಎಳೆದಿತ್ತು. ತಮ್ಮನನ್ನು ಕಂಡು ಎಡಗೈ ಎತ್ತಿದಳು. ಅದು ಗಾಳಿಯಲ್ಲಿ ಸ್ವಲ್ಪ ಹೊತ್ತು ನಿಂತು, ಏನೂ ಹೇಳಲಾಗದೆ ಇಳಿಯಿತು.

ಗಂಗಪ್ಪ ಮಾತಾಡುತ್ತಿದ್ದ. ಭೀಮರಾಜನಿಗೆ ಕೇಳದು. ತಿಪ್ಪೇಶ ಫೋನಿನ ಹತ್ತಿರ ಬಾಗಿ, "ಏನಾತ್ರಿ? ನಾನು ನೆಟ್ ರಿಪೇರಿಗೆ ಬಂದೋನು. ನಂಗ ಹೇಳ್ರಿ" ಎಂದ.

"ಅವಂಗೆ ಹೇಳಪ್ಪಾ, ನನ್ನ ಮಾತು ಅವಂಗೆ ಕೇಳಲ್ಲ. ದಾವಣಗೆರೆ ಆಸ್ಪತ್ರೆಯಾಗೆ ಇದೀವಿ. ಬೆಳಗ್ಗೆ ಬಚ್ಚಲಾಗೆ ಬಿದ್ದಿದ್ಲು. ಲಕ್ವ ಹೊಡದೈತೆ, ಬಲಗಡೆ ಪೂರಾ ಹೋಗೈತೆ ಅಂತಾರೆ" ಎಂದ ಗಂಗಪ್ಪ. ಆಮೇಲೆ ಫೋನನ್ನು ತನ್ನ ಕಡೆ ತಿರುಗಿಸಿಕೊಂಡ. "ಮಂಗಳವಾರದಿಂದ ಕೈ ತೋರಿಸ್ತಿದ್ಲಪ್ಪಾ. ನಂಗೆ ತಿಳೀಲಿಲ್ಲ. ಮಲಗಿದ್ದಾಗ ಒತ್ತಿರಬೇಕು ಅಂದ್ಕೊಂಡು ಎಣ್ಣೆ ಹಚ್ಚಿದೆ. ತಮ್ಮನ ಫೋಟೋ ಒತ್ತೋದು, ಫೋನು ನನ್ನ ಮುಖಕ್ಕೆ ಹಿಡಿಯೋದು. ಎಷ್ಟು ಸಲ ಒತ್ತಿದ್ಲೋ. ಅವನು ಸಿಕ್ಕಿದ್ರೆ ಅಕ್ಕ ಏನಂತಾಳೆ ಅಂತ ನಂಗೆ ಕೈ ಮಾಡಿ ತಿಳಿಸ್ತಿದ್ದ, ಯಾವಾಗ್ಲೂ ಹಂಗೇ ಮಾಡ್ತಿದ್ವಿ. ಈ ಸಲ ಫೋನೇ ಹತ್ತಲಿಲ್ಲ. ಯಾಕೆ ಹತ್ತಲಿಲ್ಲಪ್ಪಾ?"

ಭೀಮರಾಜ ತಿಪ್ಪೇಶನ ತೋಳು ಹಿಡಿದು ಅಲುಗಾಡಿಸುತ್ತಿದ್ದ. ಏನು, ಏನು, ಏನು? ಯಂತ್ರದ ಮೇಲೆ ಅಳತೆ ಬರೆಯುವ ಪುಸ್ತಕವಿತ್ತು. ತಿಪ್ಪೇಶ ಅದನ್ನೆಳೆದುಕೊಂಡು ಬರೆದ: "ಅಕ್ಕ. ಲಕ್ವ. ದಾವಣಗೆರೆ ಆಸ್ಪತ್ರೆ. ಹೋಗು." ಅಲ್ಲಿಗೆ ಪೆನ್ನು ನಿಂತಿತು. ಮಂಗಳವಾರ, ಎರಡು ದಿನ, ನಿನ್ನನ್ನೇ ಕರೆದಳು ಎಂದು ಬರೆಯುವುದು ಬಾಕಿಯಿತ್ತು. ಪುಸ್ತಕ ಮುಚ್ಚಿದ. ಭೀಮರಾಜನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಹಗರಿಬೊಮ್ಮನಹಳ್ಳಿ ಬಸ್ ನಿಲ್ದಾಣಕ್ಕೆ ಬಿಟ್ಟ. ಬಸ್ಸು ಹೊರಡುವಾಗ ಭೀಮರಾಜ ಕಿಟಕಿಯಿಂದ ಎರಡೂ ಕೈ ಮುಗಿದ. ಉಪಕಾರ ಮಾಡಿದವನಿಗೆ ಮುಗಿಯುವ ಹಾಗೆ.

ಮನೆಗೆ ಬಂದು ತಿಪ್ಪೇಶ ಪ್ರಿಯಾಳನ್ನು ಕೇಳಿದ, ಯಾರದೋ ಸಂಗತಿ ಎಂಬಂತೆ: "ಲಕ್ವ ಹೊಡಿಯೋಕ ಮುಂಚೆ ಗೊತ್ತಾಕ್ಕತೇನು?"

"ಒಬ್ಬೊಬ್ಬರಿಗೆ ಆಕ್ಕತಿ. ಕೈ ಜೋಮು ಹಿಡದಂಗಾಗಿ ಬಿಡತೈತಿ, ಮತ್ತ ಹಿಡೀತೈತಿ. ಆವಾಗ್ಲೇ ಕರಕೊಂಡು ಬಂದ್ರ ಭಾಳ ಮಂದಿ ಉಳ್ಕೊಂತಾರ. ಯಾರಿಗಾತು?"

"ಗಿರಾಕಿ ಒಬ್ಬರ ಅಕ್ಕಗ."

"ಮನಿಯೋರಿಗೆ ಹೇಳಬೇಕಿತ್ತು ಅಕಿ."

"ಹೇಳ್ಯಾಳ" ಎಂದ ತಿಪ್ಪೇಶ. ಫೋನ್ ತೆರೆದು ನೋಡಿದ. ಐದು ಫೋಟೋ, ಎಲ್ಲದರಲ್ಲೂ ಅದೇ ಕೆಂಪು ಚುಕ್ಕೆ. ಬುಧವಾರದ ಕೊನೆಯದರ ಕೆಳಗೆ ಭೀಮರಾಜ ಬರೆದಿದ್ದ: "ಅಕ್ಕ ಕಾಣಲ್ಲ. ಬಾ ಅಣ್ಣ."

ಕನಕಮ್ಮ ಬದುಕಿಕೊಂಡಳು. ತಿಂಗಳ ಮೇಲೆ ಕುಂಟುತ್ತಾ ನಡೆಯುವಂತಾದಳು. ಬಲಗೈ ಮಾತ್ರ ಮರಳಲಿಲ್ಲ. ತಿಪ್ಪೇಶ ಅತ್ತ ಹೋದಾಗಲೆಲ್ಲ ಕಾರಣವಿಲ್ಲದೆ ಭೀಮರಾಜನ ಮನೆಗೆ ಇಣುಕುತ್ತಿದ್ದ. ರೂಟರ್ ಒರೆಸುತ್ತಿದ್ದ, ಸ್ಪೀಡ್ ನೋಡುತ್ತಿದ್ದ. ಒಂದು ಸಲ ಅಕ್ಕ ತಮ್ಮ ಮಾತಾಡುವುದನ್ನು ಕಂಡ. ಎಡಗೈಯೊಂದೇ, ನಿಧಾನ, ತಪ್ಪಿ ತಪ್ಪಿ. ಎರಡು ಕೈ ಸೇರಿ ಆಗುತ್ತಿದ್ದ ಮಾತುಗಳನ್ನು ಒಂದೇ ಕೈಯಲ್ಲಿ ಆಡಲು ಹೋಗಿ ಅರ್ಧಕ್ಕೆ ಬಿಡುತ್ತಿದ್ದಳು. ಭೀಮರಾಜ ಮತ್ತೆ ಮತ್ತೆ ಕೇಳುತ್ತಿದ್ದ. ಮೊದಲು ಗಂಟೆಗಟ್ಟಲೆ ನಡೆಯುತ್ತಿದ್ದದ್ದು ಹತ್ತು ನಿಮಿಷಕ್ಕೆ ಮುಗಿಯಿತು. ಆಮೇಲೆ ಭೀಮರಾಜ ತಿಪ್ಪೇಶನಿಗೆ ಚಹಾ ಕಾಸಿ ಕೊಟ್ಟ. ಈ ಮನುಷ್ಯನೇ ಅಂದು ತನ್ನನ್ನು ಬಸ್ಸಿಗೆ ಮುಟ್ಟಿಸಿದವನು ಎಂಬ ಗೌರವ ಅವನಿಗೆ. ಆ ಚಹಾ ಕುಡಿಯುವುದು ತಿಪ್ಪೇಶನಿಗೆ ಪ್ರತಿ ಸಲವೂ ಕಷ್ಟವಾಗುತ್ತಿತ್ತು, ಪ್ರತಿ ಸಲವೂ ಕುಡಿದ.

ಯುಗಾದಿ ಕಳೆದ ಮೇಲೆ ಆಫೀಸಿನಲ್ಲಿ ಅಮರೇಶ್ ಹೇಳಿದರು: "ತಿಪ್ಪೇಶ, ಕೋಗಳಿ ಭೀಮರಾಜಂದು ಕನೆಕ್ಷನ್ ಬ್ಯಾಡಂತ. ರೂಟರ್ ಇಸ್ಕೊಂಡು ಬಾ."

ಹೋಗಿ ನೋಡಿದರೆ ಕನಕಮ್ಮ ಅಲ್ಲಿಯೇ ಇದ್ದಳು. ಗಂಗಪ್ಪ ದುಡಿಯಲು ಹೋದರೆ ಹಗಲು ಅವಳನ್ನು ನೋಡಿಕೊಳ್ಳುವವರಿಲ್ಲ. ಅವಳ ಒಂಟಿಗೈಯ ಮಾತು ತಿಳಿಯುವವನು ತಮ್ಮನೊಬ್ಬನೇ. ಅದಕ್ಕೇ ಭೀಮರಾಜ ಅವಳನ್ನು ಕರೆದುಕೊಂಡು ಬಂದಿದ್ದ. ಗಂಗಪ್ಪ ಭಾನುವಾರ ಬಂದು ಹೋಗುತ್ತಾನಂತೆ. ಅಕ್ಕ ಎದುರಿಗೇ ಇರುವಾಗ ರೂಟರ್ ಯಾತಕ್ಕೆ?

ಭೀಮರಾಜ ತಿಪ್ಪೇಶನನ್ನು ತೋರಿಸಿ ಅಕ್ಕನಿಗೆ ಏನೋ ಹೇಳಿದ. ಬಸ್ಸು, ಬೈಕು, ಒಳ್ಳೆಯವನು ಎಂಬಷ್ಟು ತಿಪ್ಪೇಶನಿಗೂ ತಿಳಿಯಿತು. ಕನಕಮ್ಮ ಎಡಗೈಯನ್ನು ಎದೆಗೆ ತಂದು, ಒಂದೇ ಕೈಯಲ್ಲಿ ಅವನಿಗೆ ನಮಸ್ಕಾರ ಮಾಡಿದಳು.

ತಿಪ್ಪೇಶ ನೆಲದ ಮೇಲೆ ಕುಕ್ಕುರುಗಾಲಿನಲ್ಲಿ ಕೂತುಬಿಟ್ಟ. "ಅಕ್ಕಾ, ನಾನ ಬರಲಿಲ್ಲಕ್ಕಾ" ಎಂದ. ಕೇಳದವರೆದುರು ಬಾಯಿಬಿಟ್ಟು ಹೇಳತೊಡಗಿದ. ಕಿಟಕಿಯ ಮೂಲೆ, ಬಾರದೆ ಹೋದ ಡ್ರಿಲ್ಲು, ಹೆಬ್ಬೆರಳು, ತೆರೆದೂ ನೋಡದ ಫೋಟೋಗಳು, ಗಂಗಪ್ಪ ಹೇಳಿದ್ದು, ತಾನು ಬರೆಯದೆ ಬಿಟ್ಟದ್ದು. ಅಕ್ಕ ತಮ್ಮ ಇಬ್ಬರೂ ಅವನ ತುಟಿಯನ್ನೇ ನೋಡುತ್ತಿದ್ದರು. ಅವನಿಗೇನೋ ದುಃಖವಾಗಿದೆ ಎಂದು ಭೀಮರಾಜ ನೀರು ತಂದುಕೊಟ್ಟ.

ಕೇಳಿದವಳು ಕೆಂಚಕ್ಕ. ಯಾವಾಗ ಬಂದು ಹೊಸ್ತಿಲಲ್ಲಿ ನಿಂತಿದ್ದಳೋ. "ನನ್ನ ಮುಂದ ಯಾಕ ಅಳ್ತಿ ತಮ್ಮಾ?" ಎಂದಳು. "ನಾನೂ ಒಂದ ಸಲ ಫೋನ್ ಮಾಡಿ ಸುಮ್ನಾದಾಕಿ. ಇನ್ನೊಂದು ಸಲ ಮಾಡಿದ್ರ ನನ್ನ ಗಂಟೇನು ಹೋಗ್ತಿತ್ತು?" ಒಳಗೆ ಬಂದು, ಅಳತೆ ಪುಸ್ತಕವನ್ನು ಅವನ ಮುಂದೆ ತಳ್ಳಿದಳು. "ಅವಂಗ ಓದಾಕ ಬರತೈತಿ. ಬರಿ."

ತಿಪ್ಪೇಶ ಸಣ್ಣ ಸಣ್ಣ ಪದಗಳಲ್ಲಿ ಬರೆದ. ಭೀಮರಾಜನಿಗೆ ತಿಳಿಯಬೇಕಲ್ಲ. "ಮಂಗಳವಾರ ಅಕ್ಕನ ಕೈ ಜೋಮು. ನಿನ್ನನ್ನು ಕರೆದಳು. ಫೋನ್ ಹತ್ತಲಿಲ್ಲ. ವೈರು ನಾನು ತಪ್ಪು ಹಾಕಿದ್ದೆ. ನೀನು ಕರೆದೆ. ನಾನು ಬರಲಿಲ್ಲ. ಆ ದಿನ ಹೇಳಲಿಲ್ಲ."

ಭೀಮರಾಜ ಬೆರಳಿಟ್ಟು, ಒಂದೊಂದೇ ಸಾಲು ಓದಿದ. "ಕರೆದಳು" ಎಂಬಲ್ಲಿ ಬೆರಳು ನಿಂತಿತು. ಅಕ್ಕನ ಕಡೆ ತಿರುಗಿ, ಕೈ ಮಾಡಿ ಕೇಳಿದ. ಅವಳು ಹೌದೆಂದು ತಲೆಯಾಡಿಸಿದಳು. ಎಡಗೈಯಲ್ಲಿ ಎರಡು ಬೆರಳು ತೋರಿಸಿದಳು, ಎರಡು ದಿನ. ಈ ಮಾತು ಅವರಿಬ್ಬರ ನಡುವೆ ಮೊದಲು ಬಂದಿರಲಿಲ್ಲವೆಂದು ಕಾಣುತ್ತದೆ. ತಮ್ಮನಿಗೆ ನೋವಾದೀತೆಂದು ಅವಳೂ ಮುಚ್ಚಿಟ್ಟಿದ್ದಳೋ ಏನೋ.

ಭೀಮರಾಜ ಎದ್ದ. ರೂಟರಿನ ವೈರು ಕಿತ್ತು, ಅಡಾಪ್ಟರ್ ಸುತ್ತಿ, ತಿಪ್ಪೇಶನ ಕೈಗೆ ಕೊಡದೆ ಅವನ ಮುಂದೆ ನೆಲದ ಮೇಲಿಟ್ಟ. ಯಂತ್ರದ ಮುಂದೆ ಕೂತು, ಬೆನ್ನು ತಿರುಗಿಸಿ, ಹೊಲಿಯಲು ಶುರು ಮಾಡಿದ. ಕಿವಿ ಕೇಳದವನು ಬೆನ್ನು ತಿರುಗಿಸಿದರೆ ಮಾತು ಮುಗಿಯಿತೆಂದೇ ಅರ್ಥ. ಅವನ ಹಿಂದೆ ನಿಂತು ತಿಪ್ಪೇಶ ಮಾಡಬಹುದಾದದ್ದು ಏನೂ ಉಳಿದಿರಲಿಲ್ಲ.

ಹೊರಗೆ ಬೈಕಿನ ಹತ್ತಿರ ಕೆಂಚಕ್ಕ ಬಂದಳು. "ಹೋಗಪ್ಪಾ. ಈಗ ನಿಂತು ಏನೂ ಆಗಂಗಿಲ್ಲ. ಆಮ್ಯಾಲ ಬಾ."

ಆಮೇಲೆ ಅವನು ಎರಡು ಸಲ ಹೋದ. ಮೊದಲ ಸಲ ಬಾಗಿಲು, ಕಿಟಕಿ ಎರಡೂ ಮುಚ್ಚಿದ್ದವು. ಭೀಮರಾಜ ಒಳಗಿದ್ದನೋ ಇಲ್ಲವೋ ತಿಳಿಯಲಿಲ್ಲ. ಎರಡನೆಯ ಸಲ, ಮಳೆಗಾಲ ಶುರುವಾದಾಗ, ಬಾಗಿಲು ತೆರೆದಿತ್ತು. ಭೀಮರಾಜ ಅಕ್ಕನ ಬಲಗೈಗೆ ಎಣ್ಣೆ ತಿಕ್ಕುತ್ತಿದ್ದ. ತಲೆ ಎತ್ತಿ ನೋಡಿದ, ನಗಲಿಲ್ಲ. ತಿಕ್ಕುವುದನ್ನು ನಿಲ್ಲಿಸದೆ ಗದ್ದದಿಂದಲೇ ಕಟ್ಟೆಯನ್ನು ತೋರಿಸಿದ. ತಿಪ್ಪೇಶ ಅಲ್ಲಿ ಕೂತ. ಅಷ್ಟರಲ್ಲಿ ಕೊಟ್ಟೂರಿನಿಂದ ಎರಡು ಸಲ ಫೋನ್ ಬಂತು. ಎತ್ತಲಿಲ್ಲ. ಮಳೆ ನಿಲ್ಲುವವರೆಗೂ ಕೂತಿದ್ದು ಎದ್ದು ಬಂದ.